ಅಂಗಳದ ದಾರಿಗೆ ಎಷ್ಟು ಬ್ರಾಸ್ ಖಡಿ ಬೇಕು?

ನಿಂಬರ್ಗಾ ಕಡೆ ಮನೆ ಕಟ್ಟಿಸುವವರು ಗೋಡೆಗೆ ಎಷ್ಟು ಇಟ್ಟಿಗೆ, ಸ್ಲ್ಯಾಬಿಗೆ ಎಷ್ಟು ಚೀಲ ಸಿಮೆಂಟ್ ಎಂದು ಗೌಂಡಿಯ ಜೊತೆ ಕೂತು ಲೆಕ್ಕ ಹಾಕುತ್ತಾರೆ. ರಸ್ತೆಯಿಂದ ಬಾಗಿಲವರೆಗಿನ ದಾರಿಯ ವಿಷಯ ಬಂದಾಗ ಮಾತ್ರ "ನಾಕು ಟ್ರಾಲಿ ಖಡಿ ಹಾಕಸ್ರಿ, ಸಾಕಾಗ್ತದ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬೇಸಿಗೆಯಲ್ಲಿ ಗಟ್ಟಿಯಾಗಿ ಒಣಗಿದ್ದ ಎರೆಮಣ್ಣಿನ ಮೇಲೆ ನೇರವಾಗಿ ಖಡಿ ಹರವಿದೆವು. ಎರಡು ಮಳೆಗಾಲ ದಾಟುವಷ್ಟರಲ್ಲಿ ದಾರಿ ಮತ್ತೆ ಕೆಸರಾಯಿತು. ನೀರಿನ ಪೈಪಿಗೆಂದು ಅಗೆದಾಗ ಮುಕ್ಕಾಲು ಅಡಿ ಕೆಳಗೆ ಆ ಖಡಿ ಸಿಕ್ಕಿತು. ಒಂದೊಂದು ಕಲ್ಲಿನ ಸುತ್ತಲೂ ಕರಿ ಜಿಗುಟು ಮೆತ್ತಿಕೊಂಡಿತ್ತು, ಕಲ್ಲಿಗೆ ಕಲ್ಲು ತಾಗಿರಲೇ ಇಲ್ಲ. ನಾವು ಉದ್ದಗಲ ಸರಿಯಾಗಿಯೇ ಅಳೆದಿದ್ದೆವು. ತಪ್ಪಿದ್ದು ದಪ್ಪದಲ್ಲಿ ಮತ್ತು ತಳದಲ್ಲಿ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಹೆಚ್ಚಿನದು ಎರೆಭೂಮಿ. ತೊಗರಿ, ಜೋಳಕ್ಕೆ ಈ ಮಣ್ಣು ಬಂಗಾರ, ದಾರಿಗೆ ಮಾತ್ರ ಕಷ್ಟದ್ದು. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಸಿಯಾದಾಗ ಮೇಲಿನಿಂದ ಗಾಲಿ ಒತ್ತಿದರೆ ಖಡಿ ಕೆಳಗಿಳಿಯುತ್ತದೆ, ಕೆಸರು ಸಂದುಗಳಿಂದ ಮೇಲೇರುತ್ತದೆ. ಆದ್ದರಿಂದ ಎಷ್ಟು ಖಡಿ ಬೇಕು ಎಂದು ಕೇಳುವ ಮೊದಲು ಖಡಿಯ ಕೆಳಗೆ ಏನಿರಬೇಕು ಎಂದು ಕೇಳಬೇಕು. ಅಲ್ಲಿರಬೇಕಾದದ್ದು ಮುರುಂ. ಅದು ಈ ಸೀಮೆಯ ಕರಿಕಲ್ಲೇ ಬಿಸಿಲು ಮಳೆಗೆ ಶಿಥಿಲವಾಗಿ ಆದ ಗರಸು. ಸಣ್ಣ ಕಲ್ಲೂ ಮಣ್ಣೂ ಬೆರೆತಿರುವುದರಿಂದ ನೀರು ಹಾಕಿ ಕುಟ್ಟಿದರೆ ಒತ್ತಾಗಿ ಕೂರುತ್ತದೆ, ಎರೆಯಂತೆ ಉಬ್ಬುವುದಿಲ್ಲ.

ಅಳತೆ ಮತ್ತು ಗುಣಾಕಾರ

ಟೇಪ್ ಹಿಡಿದು ಅಂಗಳವನ್ನು ಕಾಗದದ ಮೇಲೆ ತುಂಡು ತುಂಡಾಗಿ ಬರೆಯಿರಿ. ದಾರಿ ನೇರವಿದ್ದರೆ ಉದ್ದಕ್ಕೆ ಅಗಲ ಗುಣಿಸಿದರಾಯಿತು. ಬಾಗಿದ ದಾರಿಯಾದರೆ ನಟ್ಟನಡುವೆ ಹಗ್ಗ ಹಾಸಿ, ಆ ಹಗ್ಗದ ಉದ್ದವನ್ನೇ ದಾರಿಯ ಉದ್ದ ಎಂದು ಹಿಡಿಯಿರಿ. ಟ್ರ್ಯಾಕ್ಟರ್ ತಿರುಗುವ ಜಾಗವನ್ನು ಬೇರೆ ಚೌಕವಾಗಿ ಅಳೆಯಿರಿ. ಗೇಟಿನ ಬಾಯಿ ಎರಡೂ ಕಡೆ ಅಗಲವಾಗಿರುತ್ತದೆ. ಆ ಎರಡು ತ್ರಿಕೋನಗಳನ್ನು ಬಹಳ ಜನ ಮರೆಯುತ್ತಾರೆ, ಗಾಲಿ ಹೊರಳಿ ಮೊದಲು ಹಾಳಾಗುವ ಜಾಗವೂ ಅದೇ.

ಒಂದು ಉದಾಹರಣೆ ನೋಡೋಣ. ದಾರಿ 60 ಅಡಿ ಉದ್ದ, 10 ಅಡಿ ಅಗಲ ಎಂದರೆ 600 ಚದರ ಅಡಿ. ಗಾಡಿ ನಿಲ್ಲಿಸುವ, ತಿರುಗಿಸುವ ಜಾಗ 18 ಅಡಿಗೆ 15 ಅಡಿ, ಅದು 270. ಗೇಟಿನ ಬಳಿ ಐದೈದು ಅಡಿಯ ಎರಡು ತ್ರಿಕೋನ ಸೇರಿ 25. ಒಟ್ಟು 895. ನಾವು 900 ಎಂದು ಹಿಡಿಯೋಣ.

ಇನ್ನು ಬ್ರಾಸ್. ನಮ್ಮಲ್ಲಿ ಮುರುಂ, ಖಡಿ ಎಲ್ಲದರ ವ್ಯಾಪಾರ ನಡೆಯುವುದು ಈ ಲೆಕ್ಕದಲ್ಲೇ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಒಂದು ಬ್ರಾಸ್ ಮಾಲನ್ನು ಒಂದು ಇಂಚು ದಪ್ಪಕ್ಕೆ ಹರವಿದರೆ 1,200 ಚದರ ಅಡಿ ಮುಚ್ಚುತ್ತದೆ. ಇದೊಂದು ಸಂಖ್ಯೆ ನೆನಪಿಟ್ಟುಕೊಂಡರೆ ಬೇರೆ ಸೂತ್ರ ಬೇಡ. ಚದರ ಅಡಿಯನ್ನು ಇಂಚಿನ ದಪ್ಪದಿಂದ ಗುಣಿಸಿ, 1,200ರಿಂದ ಭಾಗಿಸಿ. ಬಂದದ್ದು ಬ್ರಾಸ್.

ಆದರೆ ಇದು ಕುಟ್ಟಿ ಕೂರಿಸಿದ ಮೇಲಿನ ಅಳತೆ. ಟ್ರಾಲಿಯಲ್ಲಿ ಬರುವುದು ಸಡಿಲ ಮಾಲು. ರಸ್ತೆ ಕೆಲಸದಲ್ಲಿ ಮೂರು ಇಂಚಿನ ಗಟ್ಟಿ ಪದರ ಬೇಕಾದರೆ ಹತ್ತಿರ ಹತ್ತಿರ ನಾಲ್ಕು ಇಂಚು ಸಡಿಲ ಖಡಿ ಹರವುತ್ತಾರೆ. ಮನೆಯ ಅಂಗಳಕ್ಕೂ ಅದೇ ನ್ಯಾಯ. ಮುರುಂ, ದಪ್ಪ ಖಡಿ ಎರಡಕ್ಕೂ ಮೂರನೇ ಒಂದು ಪಾಲಿನಷ್ಟು ಹೆಚ್ಚು ಹಿಡಿಯಬೇಕು. ಮೇಲಿನ ಸಣ್ಣ ಖಡಿಗೆ ಐದನೇ ಒಂದು ಪಾಲು ಸಾಕು.

ಎರೆಯ ಮೇಲೆ, ಕಾರೂ ಆಗೊಮ್ಮೆ ಈಗೊಮ್ಮೆ ತೊಗರಿ ಚೀಲ ಹೇರಿದ ಟ್ರ್ಯಾಕ್ಟರೂ ಬರುವ ಅಂಗಳಕ್ಕೆ ನಾನು ಹೇಳುವ ದಪ್ಪ ಹೀಗಿದೆ: ತಳಕ್ಕೆ ಆರು ಇಂಚು ಮುರುಂ, ಅದರ ಮೇಲೆ ಮೂರು ಇಂಚು 40 ಎಂಎಂ ಖಡಿ, ಮೇಲ್ಮೈಗೆ ಎರಡು ಇಂಚು 12 ಅಥವಾ 20 ಎಂಎಂ ಖಡಿ.

900 ಚದರ ಅಡಿಗೆ ಆರು ಇಂಚು ಮುರುಂ ಎಂದರೆ 4.5 ಬ್ರಾಸ್ ಗಟ್ಟಿ, ಸಡಿಲದ ಲೆಕ್ಕದಲ್ಲಿ 6 ಬ್ರಾಸ್. ಮೂರು ಇಂಚು ದಪ್ಪ ಖಡಿ 2.25 ಬ್ರಾಸ್, ತರಿಸಬೇಕಾದದ್ದು 3. ಎರಡು ಇಂಚು ಸಣ್ಣ ಖಡಿ 1.5 ಬ್ರಾಸ್, ತರಿಸಬೇಕಾದದ್ದು 1.8. ದಪ್ಪ ಖಡಿಯ ಸಂದು ತುಂಬಲು ಅದರ ಐದನೇ ಒಂದು ಪಾಲು ಕ್ರಷರ್ ಡಸ್ಟ್, ಅಂದರೆ 0.6 ಬ್ರಾಸ್. ಎಲ್ಲ ಸೇರಿ 11.4 ಬ್ರಾಸ್.

ನಾಲ್ಕು ಟ್ರಾಲಿ ಎಲ್ಲಿ, ಇದೆಲ್ಲಿ ಎಂದು ಅನಿಸಬಹುದು. ಟ್ರಾಲಿಗೆ ಹೆಚ್ಚುಕಡಿಮೆ ಒಂದು ಬ್ರಾಸ್ ಎಂದು ಹಿಡಿದು ಆ ನಾಲ್ಕು ಟ್ರಾಲಿಯನ್ನು ಇದೇ 900 ಚದರ ಅಡಿಗೆ ಹರವಿದರೆ ಐದು ಇಂಚು ದಪ್ಪ ಬರುತ್ತದೆ, ಕಣ್ಣಿಗೆ ಧಾರಾಳವಾಗಿಯೇ ಕಾಣುತ್ತದೆ. ನಾವು ಮೋಸಹೋದದ್ದು ಅಲ್ಲೇ. ಒಟ್ಟು ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುರುಂ ಎಂಬುದನ್ನು ಗಮನಿಸಿ. ಸಾಮಾನ್ಯವಾಗಿ ಖಡಿಗಿಂತ ಅದು ಅಗ್ಗ. ನಿಮ್ಮ ಮನೆ ಗರಸು ಮೇಲೆಯೇ ಕಾಣುವ ದಿನ್ನೆಯಲ್ಲಿದ್ದರೆ ತಳದ ಮುರುಂ ಬೇಕೇ ಇಲ್ಲ, ಮಣ್ಣು ಕೆರೆದು ಕುಟ್ಟಿ ಖಡಿಗೆ ಹೋಗಬಹುದು. ಅರ್ಧ ಮಾಲು ಅಲ್ಲೇ ಉಳಿಯಿತು.

ಟ್ರಾಲಿ ಬಂದಾಗ

"ಬರೋಬರಿ ಒಂದು ಬ್ರಾಸ್ ಅದರಿ ಕಾಕಾ" ಎಂದು ಚಾಲಕ ಹೇಳುತ್ತಾನೆ. ಅವನ ಮಾತು ನಿಜವೇ ಇರಬಹುದು, ಆದರೂ ಅಳೆಯಿರಿ. ಟ್ರಾಲಿಯ ಒಳಮೈ 10 ಅಡಿ ಉದ್ದ, ಐದೂವರೆ ಅಡಿ ಅಗಲ, ಒಂದೂ ಮುಕ್ಕಾಲು ಅಡಿ ಎತ್ತರ ಇದೆ ಎಂದುಕೊಳ್ಳಿ. ಅಂಚಿಗೆ ಸಮವಾಗಿ ತುಂಬಿದರೆ 96 ಘನ ಅಡಿ. ಮೂರು ಇಂಚು ತಗ್ಗಿದ್ದರೆ ಸುಮಾರು 14 ಘನ ಅಡಿ ಕಡಿಮೆ. ಆರು ಟ್ರಾಲಿಗೆ ಇದನ್ನು ಕೂಡಿಸಿ ನೋಡಿ, ಹೆಚ್ಚುಕಡಿಮೆ ಒಂದು ಟ್ರಾಲಿಯೇ ಬಂದಿಲ್ಲ ಎಂದಾಗುತ್ತದೆ. ಸುರಿಯುವ ಮೊದಲೇ ಸಲಿಕೆಯಿಂದ ಮೇಲ್ಭಾಗ ಸಮ ಮಾಡಿಸಿ, ನಾಲ್ಕು ಮೂಲೆ ಮತ್ತು ನಡುವೆ ಕೋಲು ಇಳಿಸಿ ಆಳ ನೋಡಿ. ನೆಲಕ್ಕೆ ಸುರಿದ ರಾಶಿಯನ್ನು ಅಳೆಯುವುದು ಕಷ್ಟ, ಜಗಳಕ್ಕೂ ದಾರಿ.

ತೂಕದಲ್ಲಿ ಕೊಡುವ ಕಡೆ ಕಾಟಾ ಚೀಟಿ ಕೇಳಿ. ಕರಿಕಲ್ಲಿನ ಖಡಿ ಒಂದು ಬ್ರಾಸಿಗೆ ಸುಮಾರು 4ರಿಂದ 4.5 ಟನ್ ತೂಗುತ್ತದೆ. ಡಸ್ಟನ್ನು ಮಾತ್ರ ಒಣಗಿದ್ದಾಗ ತರಿಸಿ. ತುಸು ಹಸಿಯಾದ ಪುಡಿ ಉಬ್ಬಿ ಹೆಚ್ಚು ಜಾಗ ಹಿಡಿಯುತ್ತದೆ. ಬ್ರಾಸ್ ಲೆಕ್ಕದಲ್ಲಿ ಮಾಲು ಕಡಿಮೆ ಸಿಗುತ್ತದೆ, ತೂಕದ ಲೆಕ್ಕದಲ್ಲಿ ನೀರಿಗೆ ದುಡ್ಡು ಕೊಟ್ಟಂತಾಗುತ್ತದೆ.

ಖಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಡೆದ ಮೈ, ಚೂಪು ಮೂಲೆಗಳಿರಬೇಕು. ಮೂಲೆಗಳು ಒಂದರೊಳಗೊಂದು ಸಿಕ್ಕಿಕೊಂಡೇ ಪದರ ಗಟ್ಟಿಯಾಗುವುದು. ಹೊಳೆಯ ಉರುಟು ಹರಳು ಗಾಲಿಯ ಕೆಳಗೆ ಜಾರುತ್ತದೆ. ಶಹಾಬಾದ್ ಕಡೆಯಿಂದ ಬರುವ ಫರ್ಸಿ ಚೂರುಗಳೂ ಚಪ್ಪಟೆಯಾಗಿರುವುದರಿಂದ ಕಚ್ಚಿಕೊಳ್ಳುವುದಿಲ್ಲ. ಅದೇ ಫರ್ಸಿಯ ಉದ್ದ ಪಟ್ಟಿಗಳನ್ನು ದಾರಿಯ ಎರಡೂ ಬದಿ ನಿಲ್ಲಿಸಿ ಹುಗಿದರೆ ಒಳ್ಳೆಯ ಅಂಚಾಗುತ್ತದೆ. ಅಂಚಿಲ್ಲದ ದಾರಿಯಲ್ಲಿ ಖಡಿ ವರ್ಷ ವರ್ಷವೂ ಬದಿಗೆ ಸರಿದು ಹೋಗುತ್ತದೆ.

ಮುರುಂ, ಖಡಿ ಎರಡೂ ಉಪಖನಿಜ. ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇರಬೇಕು. ಮಾರುವವರಿಂದ ಅದರ ಚೀಟಿ ಕೇಳಿ ಪಡೆಯಿರಿ. ಕೆರೆಯಂಗಳ, ಗೋಮಾಳದಿಂದ ರಾತ್ರೋರಾತ್ರಿ ತೋಡಿದ ಮುರುಂ ಅಗ್ಗವೆಂದು ತರಿಸಬೇಡಿ. ಆ ಗುಂಡಿ ಊರಿನದೇ.

ಹಾಸುವ ಕ್ರಮ

ಮೂರೂ ಪದರ ಸೇರಿ ಹನ್ನೊಂದು ಇಂಚು. ದಾರಿ ಸುತ್ತಲಿನ ನೆಲಕ್ಕಿಂತ ಮೂರು ಇಂಚು ಮೇಲಿರಬೇಕಾದ್ದರಿಂದ ಎಂಟು ಇಂಚು ಎರೆ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ ಅದು ಸಡಿಲಾಗಿ ಎಂಟು ಟ್ರಾಲಿ ಹತ್ತಿರ ಬರುತ್ತದೆ. ಅದನ್ನು ಚೆಲ್ಲಬೇಡಿ, ಹೊಲದ ತಗ್ಗಿಗೋ ಹಿತ್ತಲಿಗೋ ಸಾಗಿಸಿ.

ನಡು ಎತ್ತರ, ಬದಿ ಇಳಿಜಾರು ಬೇಕು. ಅಡಿಗೆ ಅರ್ಧ ಇಂಚಿನಂತೆ, 10 ಅಡಿ ದಾರಿಯ ನಡು ಅಂಚಿಗಿಂತ ಎರಡೂವರೆ ಇಂಚು ಮೇಲಿರಲಿ. ಈ ಏರನ್ನು ಅಗೆದ ತಳದಲ್ಲೇ ಮಾಡಿಸಿ. ತಳವನ್ನು ಚಪ್ಪಟೆ ಬಿಟ್ಟು ಖಡಿಯಲ್ಲಿ ಏರು ಕೊಡಲು ಹೋದರೆ ಮುಕ್ಕಾಲು ಬ್ರಾಸ್ ಮಾಲು ಸುಮ್ಮನೆ ಹೋಗುತ್ತದೆ. ಎರಡೂ ಬದಿ ನೀರು ಹರಿದುಹೋಗಲು ಸಣ್ಣ ಕಾಲುವೆ ಇರಲೇಬೇಕು. ಒಡೆದ ಕಲ್ಲಿನ ರಸ್ತೆಯನ್ನು ಜಗತ್ತಿಗೆ ರೂಢಿ ಮಾಡಿಸಿದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಂ (1756–1836) ಒತ್ತಿ ಹೇಳಿದ್ದೂ ಇದನ್ನೇ: ಭಾರ ಹೊರುವುದು ಕೆಳಗಿನ ನೆಲ, ಅದನ್ನು ಒಣಗಿಸಿ ಇಡುವುದೇ ಮೇಲಿನ ಕಲ್ಲಿನ ಕೆಲಸ. ಕಲಬುರಗಿ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 750 ಮಿ.ಮೀ. ಆಸುಪಾಸಿನ ಮಳೆಯಾದರೂ, ಒಮ್ಮೆ ಜೋರಾಗಿ ಹೊಡೆದು ಅಂಗಳದಲ್ಲಿ ನಿಂತರೆ ಎರೆಗೆ ಅಷ್ಟೇ ಸಾಕು.

ಮುರುಮನ್ನು ಒಂದೇ ಸಲ ಸುರಿಯದೆ ಎರಡು ಪದರವಾಗಿ ಹಾಕಿಸಿ. ನೀರು ಚಿಮುಕಿಸಿ, ಒಂದು ಹಿಡಿ ಹಿಸುಕಿ ನೋಡಿ. ಉಂಡೆ ಕಟ್ಟಬೇಕು, ಕೈಗೆ ನೀರು ಇಳಿಯಬಾರದು. ಆ ಹದದಲ್ಲಿ ರೋಲರ್ ಓಡಿಸಿ. ರೋಲರ್ ಸಿಗದಿದ್ದರೆ ಮಾಲು ತುಂಬಿದ ಟ್ರಾಲಿಯನ್ನೇ ಅಂಚಿನಿಂದ ನಡುವಿಗೆ ಗೆರೆ ಸರಿಸುತ್ತ ಹತ್ತಾರು ಸಲ ಓಡಾಡಿಸಬಹುದು. ಆಮೇಲೆ ದಪ್ಪ ಖಡಿ ಹರವಿ ಕುಟ್ಟಿಸಿ, ಡಸ್ಟ್ ಚೆಲ್ಲಿ, ಪೊರಕೆಯಿಂದ ಸಂದಿಗೆ ಇಳಿಸಿ, ನೀರು ಹಾಕಿ ಮತ್ತೆ ಕುಟ್ಟಿಸಿ. ಕೊನೆಗೆ ಸಣ್ಣ ಖಡಿ.

ಕೆಲಸಕ್ಕೆ ಸರಿಯಾದ ಕಾಲ ತೊಗರಿ ರಾಶಿ ಮುಗಿದ ಮೇಲಿನಿಂದ ಮಿರಗದ ಮಳೆಯ ಒಳಗೆ. ಒಮ್ಮೆಗೆ ಅಷ್ಟು ಹಣ ಹೊಂದದಿದ್ದರೆ ಈ ವರ್ಷ ಮುರುಂ ಮಾತ್ರ ಕುಟ್ಟಿಸಿ ಒಂದು ಮಳೆಗಾಲ ಬಿಡಿ. ಎಲ್ಲಿ ಕುಸಿಯುತ್ತದೆಂದು ತಿಳಿಯುತ್ತದೆ, ಅಲ್ಲಿ ತುಂಬಿ ಮುಂದಿನ ವರ್ಷ ಖಡಿ ಹಾಕಿಸಬಹುದು. ಮುರುಂ ಬಿಟ್ಟು ಖಡಿ ಮೊದಲು ಹಾಕಿಸುವ ಉಳಿತಾಯ ಮಾತ್ರ ಬೇಡ.

ಸಣ್ಣ ಖಡಿ ತರಿಸುವಾಗ ಲೆಕ್ಕಕ್ಕಿಂತ ಅರ್ಧ ಬ್ರಾಸ್ ಹೆಚ್ಚು ತರಿಸಿ ಹಿತ್ತಲ ಮೂಲೆಯಲ್ಲಿ ರಾಶಿ ಹಾಕಿಡಿ. ಮೊದಲ ಮಳೆಗಾಲದಲ್ಲಿ ಗಾಲಿ ಜಾಡು ಬಿದ್ದಲ್ಲೆಲ್ಲ ತುಂಬಲು ಅದು ಬೇಕಾಗುತ್ತದೆ.