ಒಂದು ದನಿಯೋ, ಮೂರು ದನಿಯೋ

ಪುಟ್ಟೀ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹವಾಯಿಯನ್ ಶೈಲಿಯಲ್ಲಿ ನುಡಿಸಬೇಕು ಅನ್ನುವ ಆಸೆ ನಿನಗೆ ಬಂದಿದೆ ಅಂತ ಕೇಳಿ ಖುಷಿಯಾಯಿತು. ಆದರೆ ವಾದ್ಯ ಮನೆಗೆ ಬರುವ ಮೊದಲೇ ನೀನು ಕೇಳಿದ್ದು, "ತಾತ, ಯಾವ ಟ್ಯೂನಿಂಗ್ ಬೆಸ್ಟು?" ಅಂತ. ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿಬಿಡುವ ಉತ್ತರ ಅದಕ್ಕಿಲ್ಲ. ಹತ್ತಾರು ಶ್ರುತಿಗಳ ಹೆಸರು ಬಾಯಿಪಾಠ ಮಾಡಿಕೊಂಡು, ಒಂದರಲ್ಲೂ ಒಂದು ಹಾಡನ್ನು ನೆಟ್ಟಗೆ ನುಡಿಸಲಾರದೆ ಉಳಿದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಆ ಸಾಲಿಗೆ ಸೇರಬಾರದು ಅಂತ ಕೂತು ಬರೆಯುತ್ತಿದ್ದೇನೆ.

ಮೊದಲು, ಈ ವಾದ್ಯದಲ್ಲಿ ನಿನ್ನನ್ನು ಹಿಡಿದದ್ದು ಏನು ಅಂತ ವಿಚಾರ ಮಾಡು. ಜಾರು ಅನ್ನುತ್ತೀಯ. ಜಾರು ನಮಗೆ ಹೊಸದಲ್ಲವಲ್ಲ. ಮೆಟ್ಟಿಲೇ ಇಲ್ಲದ ವೀಣೆಯ ಮೇಲೆ ಕೊರಡು ಜಾರಿಸಿ ನುಡಿಸುವ ಗೋಟುವಾದ್ಯವನ್ನು ನಾರಾಯಣ ಅಯ್ಯಂಗಾರರಂಥವರ ಕೈಯಲ್ಲಿ ಮೈಸೂರು ಅರಮನೆಯೇ ಕೇಳಿದೆ. ಅಲ್ಲಿ ಜಾರುವುದು ಒಂದೇ ದನಿ. ಉಳಿದ ತಂತಿಗಳು ಷಡ್ಜ ಪಂಚಮ ಹಿಡಿದು ಕಾಯುತ್ತಿರುತ್ತವೆ. ಹವಾಯಿಯಲ್ಲಿ ಹಾಗಲ್ಲ. ಅಲ್ಲಿ ಎರಡು ಮೂರು ತಂತಿ ಒಟ್ಟಿಗೆ ಮೀಟಿ, ಅಷ್ಟನ್ನೂ ಒಂದೇ ಸಲ ಜಾರಿಸುತ್ತಾರೆ. ಇಡೀ ಕಾರ್ಡ್ ಎದ್ದು ನಡೆಯುತ್ತದೆ. ನೀನು ಚಿಕ್ಕವಳಿದ್ದಾಗಿಂದ ಕೇಳಿದ್ದೀಯ, ಹೆಸರು ಗೊತ್ತಿರಲಿಲ್ಲ ಅಷ್ಟೇ: ಲೂನಿ ಟ್ಯೂನ್ಸ್ ಕಾರ್ಟೂನ್ ಶುರುವಾಗುವಾಗ ಜಾರಿಕೊಂಡು ಮೇಲೇರುವ ಆ ದನಿ ಹೀಗೆ ನುಡಿಸುವ ಸ್ಟೀಲ್ ಗಿಟಾರಿನದೇ. ಸ್ಪಾಂಜ್‌ಬಾಬ್‌ನ ಸಮುದ್ರದಡಿಯ ಊರಿನಲ್ಲೂ ಅದೇ ಮೊಳಗುತ್ತದೆ.

ಆದ್ದರಿಂದ ಶ್ರುತಿ ಯಾವುದು ಅಂತ ಕೇಳುವ ಮುಂಚೆ, ನಿನಗೆ ಒಂದು ದನಿ ಬೇಕೋ ಮೂರು ದನಿ ಬೇಕೋ ತೀರ್ಮಾನಿಸಿಕೋ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಗಿಟಾರು ಹವಾಯಿ ದ್ವೀಪಗಳದ್ದಲ್ಲ. 1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಅಲ್ಲಿಯ ರಾಜನಿಗೆ ಕಾಣಿಕೆಯಾಗಿ ಕೊಟ್ಟ ದನಗಳು ಕಾಡಿಗೆ ಬಿದ್ದು ಲೆಕ್ಕಕ್ಕೆ ಸಿಗದಷ್ಟು ಬೆಳೆದವು. ಅವನ್ನು ಹಿಡಿದು ಪಳಗಿಸಲು 1830ರ ದಶಕದಲ್ಲಿ ಮೆಕ್ಸಿಕೋ ಕಡೆಯ ದನಗಾಹಿಗಳನ್ನು ಕರೆಸಿದರು. ಗಿಟಾರು ಬಂದದ್ದು ಅವರ ಜೊತೆ. ಊರಿನವರು ಅದನ್ನು ಇಟ್ಟುಕೊಂಡರು, ಶ್ರುತಿಯನ್ನು ಮಾತ್ರ ತಮ್ಮ ಕಿವಿಗೆ ಒಗ್ಗಿಸಿಕೊಂಡರು. ಬಿರಡೆ ಸಡಿಲಿಸಿ, ಬರಿಯ ತಂತಿಗಳನ್ನು ಮೀಟಿದರೇ ಒಂದು ಮೇಜರ್ ಕಾರ್ಡ್ ಹೊಮ್ಮುವ ಹಾಗೆ ಮಾಡಿದರು. ಸ್ಲಾಕ್ ಕೀ ಅನ್ನುವುದು ಇದನ್ನೇ. ಕೆಲವು ಮನೆತನಗಳು ತಮ್ಮ ಶ್ರುತಿಯನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಲೇ ಇರಲಿಲ್ಲ.

ಈ ಸಡಿಲಿಸಿದ ತಂತಿಗಳ ಮೇಲೆ ಉಕ್ಕು ಇಟ್ಟವನು ಜೋಸೆಫ್ ಕೆಕುಕು. ಓಆಹು ದ್ವೀಪದ ಲಾಯೆ ಊರಿನಲ್ಲಿ 1874ರಲ್ಲಿ ಹುಟ್ಟಿದ ಹುಡುಗ. ರೈಲು ಹಳಿಯ ಬೋಲ್ಟು ಅಂತ ಕೆಲವರು, ಬಾಚಣಿಗೆ ಅಂತ ಕೆಲವರು, ಚಾಕುವಿನ ಬೆನ್ನು ಅಂತ ಇನ್ನು ಕೆಲವರು ಕಥೆ ಹೇಳುತ್ತಾರೆ. ಯಾವುದೋ ಒಂದು ತಂತಿಗೆ ತಾಗಿ ಜಾರಿತು, ಆ ದನಿ ಅವನನ್ನು ಬಿಡಲಿಲ್ಲ. 1880ರ ದಶಕದ ಕೊನೆಯ ಹೊತ್ತಿಗೆ, ಹೊನೊಲುಲುವಿನ ಕಮೇಹಮೇಹ ಶಾಲೆಯಲ್ಲಿ ಓದುತ್ತಿದ್ದಾಗ, ಅಲ್ಲಿಯ ವರ್ಕ್‌ಶಾಪಿನಲ್ಲೇ ಉಕ್ಕಿನ ಬಾರ್ ಮಾಡಿಕೊಂಡ. ಇಂಡಿಯಾದಲ್ಲಿ ಹುಟ್ಟಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅವನಿಗಿಂತ ಮೊದಲೇ ಹೀಗೆ ನುಡಿಸುತ್ತಿದ್ದ ಅನ್ನುವ ಮಾತೂ ಇದೆ. ಅದನ್ನೇ ಹಿಡಿದುಕೊಂಡು ನಮ್ಮವರು ಕೆಲವರು, ಗೋಟುವಾದ್ಯವೇ ಹಡಗು ಹತ್ತಿ ಹವಾಯಿಗೆ ಹೋಯಿತು ಅಂತ ಎದೆ ತಟ್ಟಿಕೊಳ್ಳುತ್ತಾರೆ. ಅಷ್ಟಕ್ಕೆ ಸಾಕಾಗುವ ಸಾಕ್ಷಿ ಇಲ್ಲ. ನೀನು ಆ ಗಲಾಟೆಗೆ ಹೋಗಬೇಡ.

ಈಗ ಕೈಗೆ ಬಾ. ಶುರುವಿಗೆ ನಿನ್ನ ಅಣ್ಣನ ಹಳೇ ಗಿಟಾರೇ ಸಾಕು. ತಂತಿಗಳನ್ನು ಎತ್ತರಿಸುವ ಉಕ್ಕಿನ ನಟ್ ಅಂತ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ. ಇರುವ ನಟ್‌ನ ಮೇಲೆ ಅದನ್ನು ಕೂರಿಸಿದರೆ ಬಾರ್ ಫ್ರೆಟ್‌ಗೆ ತಾಗುವುದಿಲ್ಲ. ಆಮೇಲೆ ಮೂರೇ ತಂತಿ ಇಳಿಸು: ದಪ್ಪ ಆರನೆಯದನ್ನು ಇ ಇಂದ ಡಿಗೆ, ಐದನೆಯದನ್ನು ಎ ಇಂದ ಜಿಗೆ, ಮೊದಲನೆಯದನ್ನು ಇ ಇಂದ ಡಿಗೆ. ದಪ್ಪದಿಂದ ತೆಳುವಿಗೆ ಡಿ ಜಿ ಡಿ ಜಿ ಬಿ ಡಿ. ನಮ್ಮ ಲೆಕ್ಕದಲ್ಲಿ ಪ ಸ ಪ ಸ ಗ ಪ. ಯಾವ ತಂತಿಯನ್ನೂ ಬಿಗಿ ಮಾಡಬೇಕಿಲ್ಲ, ಹಾಗಾಗಿ ಗಿಟಾರಿಗೆ ಅಪಾಯವಿಲ್ಲ. ಪುಸ್ತಕದಲ್ಲಿ ಹೈ ಬಾಸ್ ಎ ಅಂತ ಇನ್ನೊಂದು ಕಾಣುತ್ತೀಯ, ಎ ಸಿ‌ಶಾರ್ಪ್ ಇ ಎರಡು ಸಲ. ಅದಕ್ಕೆ ಐದು ತಂತಿಗಳನ್ನು ಏರಿಸಬೇಕು. ಅದಕ್ಕೆಂದೇ ಮಾಡಿದ ತಂತಿ ಸೆಟ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡ. ಆರನೆಯ ತಂತಿ ಒಂದೇ ಐದು ಫ್ರೆಟ್‌ನಷ್ಟು ಮೇಲೇರಬೇಕಾಗುತ್ತದೆ. ತಂತಿ ಹರಿಯದಿದ್ದರೆ ಬ್ರಿಡ್ಜ್ ಏಳುತ್ತದೆ.

ಜಿ ಶ್ರುತಿಯಲ್ಲಿ ಬಾರ್ ಅಡ್ಡಲಾಗಿ ಇಟ್ಟರೆ ಸಾಕು, ಎಲ್ಲಿ ಇಟ್ಟರೂ ಮೇಜರ್. 5ನೇ ಫ್ರೆಟ್ ಮೇಲೆ ಸಿ, 7ರ ಮೇಲೆ ಡಿ, 12ರ ಮೇಲೆ ಮತ್ತೆ ಜಿ. ಈ ಮೂರೇ ಜಾಗ ಇಟ್ಟುಕೊಂಡು ಎಷ್ಟೋ ಹಾಡು ನುಡಿಸಬಹುದು. ಫ್ರೆಟ್‌ನ ಮೇಲೆ ಅಂದೆ ನೋಡು, ಎರಡರ ನಡುವೆ ಅಲ್ಲ. ಮಾಮೂಲಿ ಗಿಟಾರಿನಲ್ಲಿ ಬೆರಳು ಫ್ರೆಟ್‌ನ ಹಿಂದೆ ಇರುತ್ತದೆ. ಇಲ್ಲಿ ಬಾರ್ ಸರಿಯಾಗಿ ಆ ಗೆರೆಯ ನೆತ್ತಿಗೆ ಬರಬೇಕು, ಕೂದಲೆಳೆ ಆಚೀಚೆ ಆದರೂ ಅಪಶ್ರುತಿ. ಕಣ್ಣು ಜಾಗ ತೋರಿಸುತ್ತದೆ, ಒಪ್ಪಿಗೆ ಕಿವಿಯದು.

ಕಿವಿ ಅಂದೆನಲ್ಲ, ಮೊಬೈಲಿನ ಟ್ಯೂನರ್ ಹಸಿರು ದೀಪ ತೋರಿಸಿದ ಮೇಲೂ ಎರಡನೆಯ ತಂತಿಯನ್ನು, ಆ ಗಾಂಧಾರವನ್ನು, ಒಂಚೂರು ಇಳಿಸು. ತಂಬೂರಿ ಮೀಟಿದಾಗ ಮೇಲೆ ತಾನಾಗಿ ಕೇಳುವ ಅಂತರ ಗಾಂಧಾರ ಇದೆಯಲ್ಲ, ಅದಕ್ಕೆ ಸೇರಿಸು. ಅಕ್ಕಪಕ್ಕದ ಎರಡು ಫ್ರೆಟ್‌ಗಳ ಅಂತರವನ್ನು 100 ಪಾಲು ಮಾಡಿದರೆ ಟ್ಯೂನರ್‌ನ ಗಾಂಧಾರ ತಂಬೂರಿಯದಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಅಷ್ಟು ಇಳಿಸಿದರೆ ಕಾರ್ಡ್‌ನ ಒಳಗಿನ ನಡುಕ ನಿಂತುಹೋಗುತ್ತದೆ. ನುರಿತ ಸ್ಟೀಲ್ ವಾದಕರು ಬಹಳ ಜನ ಮಾಡುವುದು ಇದನ್ನೇ.

ಈ ಶ್ರುತಿಯಲ್ಲಿ ಸಿಗದ್ದು ಮೈನರ್. ಬಿ ಮತ್ತು ಡಿ ತಂತಿ ಎರಡನ್ನೇ ಮೀಟಿ ಕೆಳಗಿನ ಜಿಯನ್ನು ಬಚ್ಚಿಟ್ಟರೆ ಬಿ ಮೈನರ್‌ನ ನೆರಳು ಬರುತ್ತದೆ, ಅಷ್ಟೇ. ಶ್ರುತಿಗಳು ಬೆಳೆದದ್ದು ಈ ಕೊರತೆಯಿಂದಲೇ. 1915ರ ಸ್ಯಾನ್ ಫ್ರಾನ್ಸಿಸ್ಕೋ ಜಾಗತಿಕ ವಸ್ತುಪ್ರದರ್ಶನದ ನಂತರ ಅಮೆರಿಕಕ್ಕೆ ಹವಾಯಿ ಸಂಗೀತದ ಹುಚ್ಚು ಹಿಡಿದು, ಗ್ರಾಮಫೋನ್ ರೆಕಾರ್ಡುಗಳು ಬಿಸಿಬಿಸಿಯಾಗಿ ಖರ್ಚಾದವು. ಜಾಝ್ ಹಾಡುಗಳ ತಿರುವು ಮುರುವುಗಳು ಬಂದವು. ಸೋಲ್ ಹೂಪಿಯಂಥ ಚುರುಕಿನ ವಾದಕನಿಗೆ ಬರೀ ಮೇಜರ್ ಸಾಲದೆ, ಸಿ‌ಶಾರ್ಪ್ ಮೈನರ್ ಶ್ರುತಿಗೆ ಹೋದ. ವಾದ್ಯವೂ ಬದಲಾಯಿತು. ತೊಡೆಯ ಮೇಲೆ ಮಲಗಿದ ಗಿಟಾರಿನ ದನಿ ಸೂರಿನ ಕಡೆ ಹೋಗುತ್ತದೆ, ಸಭೆಯ ಕಡೆಗಲ್ಲ. ಆ ಕಷ್ಟಕ್ಕೆ ಮದ್ದು ಹುಡುಕಿದವರು ಒಳಗೆ ಲೋಹದ ತಟ್ಟೆ ಕೂರಿಸಿದರು, ಆಮೇಲೆ ಕರೆಂಟಿಗೆ ಕೈ ಹಾಕಿದರು. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕೆನ್‌ಬ್ಯಾಕರ್‌ನ 'ಫ್ರೈಯಿಂಗ್ ಪ್ಯಾನ್' ಹವಾಯಿಯನ್ ಗಿಟಾರೇ. ನಿನ್ನ ರಾಕ್ ಬ್ಯಾಂಡಿನ ಗೆಳೆಯರಿಗೆ ಹೇಳು, ಅವರ ಎಲೆಕ್ಟ್ರಿಕ್ ಗಿಟಾರಿನ ಮೂಲಪುರುಷ ಅದು.

ನನ್ನನ್ನು ಕೇಳಿದರೆ ಎರಡನೆಯ ಶ್ರುತಿ ಸಿ ಸಿಕ್ಸ್ತ್. ಒಹಾಯೋ ರಾಜ್ಯದ ಜೆರ್ರಿ ಬರ್ಡ್ ಅದನ್ನು ಬೆಳಗಿಸಿದ. ರೇಡಿಯೋದಲ್ಲಿ ಹವಾಯಿ ಸಂಗೀತ ಕೇಳಿ ಮರುಳಾದ ಹುಡುಗ, ಕೊನೆಗೆ 1970ರ ದಶಕದಲ್ಲಿ ಹೊನೊಲುಲುವಿಗೇ ಹೋಗಿ ನೆಲೆಸಿ, ಅಲ್ಲಿಯ ಮಕ್ಕಳಿಗೇ ಅವರ ವಾದ್ಯ ಕಲಿಸಿದ. ದಪ್ಪದಿಂದ ತೆಳುವಿಗೆ ಸಿ ಇ ಜಿ ಎ ಸಿ ಇ. ಅಂದರೆ ಸ ಗ ಪ ಧ ಸ ಗ. ರಿಷಭ ಒಂದು ಸೇರಿದರೆ ಮೋಹನವೇ! ಕೆಳಗಿನ ಮೂರು ತಂತಿ ಸಿ ಮೇಜರ್, ಮೇಲಿನ ಮೂರು ಎ ಮೈನರ್. ಒಂದೇ ಸೂರಿನಡಿ ಎರಡು ಒಲೆ, ಜಗಳವಿಲ್ಲ.

ಇದರ ಚೆಂದ ನಿನಗೆ ಒಂದು ಅಭ್ಯಾಸದಲ್ಲಿ ತೋರಿಸುತ್ತೇನೆ. ಎರಡೆರಡು ತಂತಿ ಮೀಟು, ಬಾರ್ ನೇರವಾಗಿಯೇ ಇರಲಿ. ಎರಡು ಮತ್ತು ಒಂದನೆಯ ತಂತಿ ಬರಿದಾಗಿ: ಸ-ಗ. ಮೂರು ಮತ್ತು ಎರಡು, 5ನೇ ಫ್ರೆಟ್: ರಿ-ಮ. ಅದೇ ಜೋಡಿ 7ರಲ್ಲಿ: ಗ-ಪ. ಈಗ ಎರಡು ಮತ್ತು ಒಂದಕ್ಕೆ ಬಾ, 5ರಲ್ಲಿ ಮ-ಧ, 7ರಲ್ಲಿ ಪ-ನಿ. ಮತ್ತೆ ಮೂರು ಮತ್ತು ಎರಡಕ್ಕೆ, 12ರಲ್ಲಿ ಧ-ಸ, 14ರಲ್ಲಿ ನಿ-ರಿ. ಕೊನೆಗೆ ಎರಡು ಮತ್ತು ಒಂದು, 12ರಲ್ಲಿ ತಾರದ ಸ-ಗ. ಶಂಕರಾಭರಣದ ಆರೋಹಣ ಪೂರಾ ಎರಡು ದನಿಯಲ್ಲಿ ಆಯಿತು. ಬಾರ್ ಓರೆ ಮಾಡುವ ಕಸರತ್ತು ಬೇಕಾಗಲಿಲ್ಲ. ಓರೆ ಹಿಡಿತವನ್ನೂ ಕಲಿಯಬೇಕು, ಅವಸರವಿಲ್ಲ. ಈ ಅಭ್ಯಾಸ ನಿದ್ದೆಯಲ್ಲೂ ಕೈಗೆ ಬರುವ ತನಕ ಮೂರನೆಯ ಶ್ರುತಿಯ ಹೆಸರೆತ್ತಬೇಡ. ಒಂದೊಂದು ಶ್ರುತಿಯೂ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡದ್ದು ಏನು ಅಂತ ಗೊತ್ತಾಗುವ ಮೊದಲೇ ಶ್ರುತಿ ಬದಲಿಸಿದರೆ ಪ್ರತಿಸಲವೂ ಮೊದಲಿಂದ ಕಲಿಯುತ್ತಿರುತ್ತೀಯ.

ರಾಗ ನುಡಿಸುವ ಆಸೆಯಿದ್ದರೆ ಮಾತು ಬೇರೆ. ಆಗ ಸಿ ಸಿಕ್ಸ್ತ್ ನಿನಗೆ ಅಡ್ಡಿಯೇ. ಬೇಡದ ಧೈವತ ಸುಮ್ಮಸುಮ್ಮನೆ ಮೊಳಗುತ್ತದೆ. ಆ ದಾರಿ ಹಿಡಿದವರು ನಮ್ಮಲ್ಲೇ ಇದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಟೌ ಮೋ ಎಂಬ ಹವಾಯಿ ವಾದಕ ಸಂಸಾರ ಸಮೇತ ಕಲ್ಕತ್ತೆಯಲ್ಲಿದ್ದ. ಅಲ್ಲಿ ಬೇರುಬಿಟ್ಟ ಈ ಗಿಟಾರು ಆಮೇಲೆ ಸಿನಿಮಾ ಹಾಡಿಗೆ ಒಗ್ಗಿ, ವಾನ್ ಶಿಪ್ಲೆ, ಸುನಿಲ್ ಗಂಗೂಲಿಯವರ ರೆಕಾರ್ಡುಗಳಲ್ಲಿ ನಮ್ಮ ಬೀದಿಯ ರೇಡಿಯೋಗಳಿಗೂ ಬಂತು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ರಾಗಕ್ಕೆ ತಿರುಗಿಸಿದರು. 1967ರ 'ಕಾಲ್ ಆಫ್ ದ ವ್ಯಾಲಿ' ರೆಕಾರ್ಡಿನಲ್ಲಿ ಸಂತೂರು, ಕೊಳಲಿನ ಜೊತೆ ಕೇಳುವ ಗಿಟಾರು ಅವರದು. ಅವರು ಮೂರು ದನಿಯನ್ನು ಬಿಟ್ಟು ಒಂದು ದನಿಗೆ ಮರಳಿದರು. ಎರಡೂ ದೊಡ್ಡ ದಾರಿಗಳೇ. ಕೂತಲ್ಲೇ ಎರಡನ್ನೂ ನುಡಿಸಿ ತೋರಿಸುತ್ತೇನೆ ಅನ್ನುವ ಚಪಲ ಮಾತ್ರ ಬೇಡ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈ ಸಂಗೀತ ಅಂದರೆ ತೆಂಗಿನಮರ, ಮರಳು, ಕೊರಳಿಗೆ ಹೂವಿನ ಹಾರ ಅಂತ ತಿಳಿಯಬೇಡ. ಅದು ಹೊರಗಿನವರು ಟಿಕೆಟ್ ಮಾರಲು ಅಂಟಿಸಿದ ಚಿತ್ರ. ಕೆಕುಕು ಬಾರ್ ಹಿಡಿದ ಕೆಲವೇ ವರ್ಷಕ್ಕೆ, 1893ರಲ್ಲಿ, ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1895ರಲ್ಲಿ ಅವಳದೇ ಅರಮನೆಯ ಕೋಣೆಯಲ್ಲಿ ಬಂಧಿಸಿಟ್ಟರು. 1896ರ ಕಾನೂನು ಶಾಲೆಗಳಿಂದ ಹವಾಯಿ ನುಡಿಯನ್ನು ಹೊರಗಟ್ಟಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ನುಂಗಿತು. ಎಲ್ಲರ ಬಾಯಲ್ಲಿರುವ 'ಅಲೋಹಾ ಓಏ' ಆ ರಾಣಿಯೇ 1878ರಲ್ಲಿ ಕಟ್ಟಿದ ಹಾಡು. ಅದನ್ನು ನುಡಿಸುವಾಗ ಹೋಟೆಲ್ ಲಾಬಿಯ ಲಯ ಹಿಡಿಯಬೇಡ. ಹವಾಯಿ ಗಾಯಕರು ಅದನ್ನು ತಮ್ಮ ನುಡಿಯಲ್ಲಿ ಹಾಡಿದ್ದನ್ನು ಮೊದಲು ಕೇಳು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ನೋಡು.

ಸ್ಟೀಲ್‌ಗೆ ಗುರು ಅಲ್ಲಿಯ ಗಂಟಲೇ. ಗಂಡಸರು ಎದೆದನಿಯಿಂದ ಕಳ್ಳದನಿಗೆ ಜಿಗಿಯುತ್ತಾರೆ, ಆ ಒಡೆಯುವ ಜಾಗವನ್ನು ಮುಚ್ಚುವುದಿಲ್ಲ. ಬಾರ್ ಕೂಡ ಹಾಗೆ ಜಿಗಿಯಬೇಕು. ಕಲಿಯುವವರು ಎಲ್ಲ ಸ್ವರಕ್ಕೂ ಜಾರುತ್ತಾರೆ. ಎಲ್ಲ ಜಾರಿದರೆ ಯಾವುದೂ ಜಾರಿದ ಹಾಗಾಗುವುದಿಲ್ಲ. ಬಾರ್ ಎತ್ತಿ ಹೊಸ ಜಾಗಕ್ಕೆ ಇಡು, ಬೇಕಾದಲ್ಲಿ ಮಾತ್ರ ಎಳೆ. ಬಾರ್ ಹೆಬ್ಬೆರಳು ಮತ್ತು ನಡುಬೆರಳ ನಡುವೆ, ತೋರುಬೆರಳು ಅದರ ಬೆನ್ನ ಮೇಲೆ. ಉಂಗುರದ ಬೆರಳು, ಕಿರುಬೆರಳು ಬಾರ್‌ನ ಹಿಂದೆ ತಂತಿಗಳನ್ನು ಸವರುತ್ತಿರಲಿ, ಇಲ್ಲದಿದ್ದರೆ ಕೀರಲು ದನಿ ತಪ್ಪದು. ಬಲಗೈಯ ಅಂಗೈ ಮೀಟಿದ ತಂತಿಯನ್ನು ತಡೆಯಲು ಕಲಿಯಬೇಕು, ಮೀಟುವುದಕ್ಕಿಂತ ಕಷ್ಟದ ವಿದ್ಯೆ ಅದು.

ಗಬ್ಬಿ ಪಹಿನುಯಿ, ಎಡ್ಡಿ ಕಮಾಯ್ ಕಟ್ಟಿದ 'ಸನ್ಸ್ ಆಫ್ ಹವಾಯಿ' ಮೇಳದಲ್ಲಿ ಡೇವಿಡ್ 'ಫೀಟ್' ರಾಜರ್ಸ್ ಸ್ಟೀಲ್ ನುಡಿಸುತ್ತಿದ್ದ. ಅವನ ರೆಕಾರ್ಡು ಹುಡುಕಿ ಕೇಳು. ಹಾಡುವವರು ಹಾಡುತ್ತಿರುವಾಗ ಹೆಚ್ಚಿಗೆ ಬಾಯಿ ಹಾಕುವುದಿಲ್ಲ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನಾಲ್ಕೇ ಸ್ವರ ಇಟ್ಟು ಸುಮ್ಮನಾಗುತ್ತಾನೆ. ಜಿ ಶ್ರುತಿಯ ಮೂರು ಜಾಗ ಕೈಗೆ ಹತ್ತಿದ ಮೇಲೆ ನಿನ್ನ ಅಮ್ಮನಿಗೆ ಹಾಡಲು ಹೇಳಿ, ನೀನು ಆ ಸಂದಿಗಳಲ್ಲಿ ಮಾತ್ರ ನುಡಿಸು. ಅವಳ ಶ್ರುತಿ ಜಿಗಿಂತ ಮೇಲೆ, ಎ ಇರಬಹುದು. ತಂತಿ ಮುಟ್ಟಬೇಡ, ಬಾರನ್ನೇ ಎರಡು ಫ್ರೆಟ್ ಮೇಲೆ ಇಟ್ಟುಕೊಂಡು ಅಲ್ಲಿಂದ ಲೆಕ್ಕ ಹಾಕು.