ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವುದು ಹೇಗೆ?

ನಮ್ಮೂರಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಮನೆಯ ದೇವರ ಗೂಡಿನಲ್ಲೂ ಬ್ರಿಟಿಷರ ಕಾಲದ ಒಂದೆರಡು ಬೆಳ್ಳಿ ರೂಪಾಯಿ ಇರುತ್ತವೆ. ಕೆಲವರ ಮನೆಯಲ್ಲಿ ಕೊಂಡಿ ಬೆಸೆದ ರೂಪಾಯಿ ಸರವೇ ಇದೆ. ಅದರ ಮೇಲೆ ರಾಜನ ತಲೆ ಇದ್ದರೂ ನಾವು 'ರಾಣಿ ರೂಪಾಯಿ' ಅಂತಲೇ ಕರೆಯುತ್ತೇವೆ. ಇದಕ್ಕೆ ಬೆಲೆ ಎಷ್ಟು ಅಂತ ಕೇಳಿದರೆ ಒಬ್ಬರು "ಲಕ್ಷ ರೂಪಾಯಿ ಬರುತ್ತಂತೆ" ಅನ್ನುತ್ತಾರೆ, ಇನ್ನೊಬ್ಬರು "ಸವೆದುಹೋದ ದುಡ್ಡು, ಯಾರು ಕೇಳ್ತಾರೆ" ಅನ್ನುತ್ತಾರೆ. ಎರಡೂ ಸರಿಯಲ್ಲ.

ಹೋದ ವರ್ಷ ಪಾತ್ರೆ ಮಾರುವವನೊಬ್ಬ ನಮ್ಮ ಬೀದಿಗೆ ಬಂದಿದ್ದ. ಒಂದು ಮನೆಯವರಿಂದ ನಾಲ್ಕು ಬೆಳ್ಳಿ ರೂಪಾಯಿ ತೆಗೆದುಕೊಂಡು ಒಂದು ಸ್ಟೀಲ್ ಪಾತ್ರೆ ಕೊಟ್ಟು ಹೋದ. ಅವನು ನಾಣ್ಯಗಳನ್ನು ತೂಕ ಮಾಡಲಿಲ್ಲ. ಆದರೆ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ಇಸವಿ ಮಾತ್ರ ಓದಿದ. ಯಾಕೆ ಓದಿದ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಮ್ಮೂರ ಆಚಾರ್ರ ಅಂಗಡಿಯಲ್ಲಿ ಕೂತು, ಪುಸ್ತಕವನ್ನೂ ನೋಡಿ, ನಮ್ಮ ಅಜ್ಜಿಯ ಆರು ರೂಪಾಯಿಗಳನ್ನು ಇಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಬೆಳ್ಳಿ ಎಷ್ಟಿದೆ, ಎಷ್ಟು ಸವೆದಿದೆ, ಎಷ್ಟು ಅಪರೂಪ ಎಂಬುದನ್ನು ಬೇರೆ ಬೇರೆಯಾಗಿ ಕೇಳಬೇಕು. ನಮ್ಮವರು ಮೂರನ್ನೂ ಕಲಸಿ 'ಹಳೇದು' ಅನ್ನುವ ಒಂದೇ ಮಾತು ಹೇಳಿಬಿಡುತ್ತಾರೆ.

ಮೊದಲು ಬೆಳ್ಳಿಯ ವಿಚಾರ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ತರಹದ ರೂಪಾಯಿ ಮಾಡಿದರು. ಅದರ ತೂಕ 180 ಗ್ರೇನ್, ಅಂದರೆ ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಇದೇ ಒಂದು ತೊಲ. ಅಂಥ 80 ತೊಲ ಸೇರಿದರೆ ಒಂದು ಸೇರು. ಅಜ್ಜಂದಿರು 'ರೂಪಾಯಿ ತೂಕ' ಅನ್ನುವುದು ಇದರಿಂದಲೇ. ಆ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೇರೆ ಲೋಹ. ಹಾಗಾಗಿ ಒಂದು ಹೊಸ ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತಿತ್ತು. ರಾಜರು ಬದಲಾದರೂ, 1858ರಲ್ಲಿ ಕಂಪನಿ ಆಡಳಿತ ಹೋಗಿ ರಾಣಿಯ ಆಡಳಿತ ಬಂದರೂ, ನೂರು ವರ್ಷಕ್ಕೂ ಹೆಚ್ಚು ಕಾಲ ಈ ಲೆಕ್ಕ ಬದಲಾಗಲಿಲ್ಲ.

ಬದಲಾದದ್ದು 1940ರಲ್ಲಿ. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಜನ ಬೆಳ್ಳಿ ರೂಪಾಯಿಯನ್ನು ಖರ್ಚು ಮಾಡದೆ ಮನೆಯಲ್ಲಿ ಬಚ್ಚಿಡುತ್ತಿದ್ದರು, ಸರ್ಕಾರಕ್ಕೆ ಬೆಳ್ಳಿ ಸಾಲದೆ ಬಂತು. ಆರನೇ ಜಾರ್ಜ್ ರಾಜನ ತಲೆ ಇರುವ 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಅರ್ಧ ಮಾತ್ರ ಬೆಳ್ಳಿ. ಉಳಿದದ್ದು ತಾಮ್ರ, ಸ್ವಲ್ಪ ನಿಕ್ಕಲ್, ಸ್ವಲ್ಪ ಸತು. ತೂಕ ಮಾತ್ರ ಅದೇ 11.66 ಗ್ರಾಂ! ಪಾತ್ರೆಯವನು ಇಸವಿ ಓದಿದ್ದು ಇದಕ್ಕೇ. 1918 ಅಂತ ಇದ್ದರೂ 1944 ಅಂತ ಇದ್ದರೂ ಕೊಟ್ಟವರಿಗೆ ಒಂದೇ ತರಹ ಕಾಣುತ್ತೆ, ತೆಗೆದುಕೊಂಡವನಿಗೆ ಒಂದು ಇನ್ನೊಂದರ ಎರಡರಷ್ಟು. ಇನ್ನು 1947ರ ರೂಪಾಯಿಯ ಹಿಂಬದಿಯಲ್ಲಿ ಹುಲಿ ಇದೆ. ನೋಡಲು ಬಲು ಚೆಂದ, ಆದರೆ ಅದು ಪೂರ್ತಿ ನಿಕ್ಕಲ್. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಹತ್ತಿರ ಹಿಡಿದರೆ ಟಪ್ ಅಂತ ಅಂಟಿಕೊಳ್ಳುತ್ತೆ. ಬೆಳ್ಳಿ ಅಂಟುವುದಿಲ್ಲ.

ಇಂಗ್ಲೆಂಡಿನಲ್ಲಿ ಅವರದೇ ಶಿಲ್ಲಿಂಗಿಗೆ ಈ ಗತಿ ಮೊದಲೇ ಬಂದಿತ್ತು. 1919ರವರೆಗೆ ನೂರರಲ್ಲಿ 92.5 ಪಾಲು ಬೆಳ್ಳಿ, 1920ರಿಂದ 1946ರವರೆಗೆ ಅರ್ಧ, 1947ರಿಂದ ಬೆಳ್ಳಿಯೇ ಇಲ್ಲ. ಯಾರ ಮನೆಯಲ್ಲಾದರೂ ಶಿಲ್ಲಿಂಗ್ ಇದ್ದರೆ ಅದರ ಇಸವಿಯನ್ನೂ ಹೀಗೇ ನೋಡಿ.

ಈಗ ಲೆಕ್ಕ. ಅಜ್ಜಿಯ ರೂಪಾಯಿಗಳನ್ನು ಆಚಾರ್ರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆವು. 1862ರ ರಾಣಿ 11.21 ಗ್ರಾಂ ಬಂತು. 1918ರ ಒಂದು ಜಾರ್ಜ್ 11.61, 1944ರದ್ದು 11.60. ತೂಕವನ್ನು 11ರಿಂದ ಗುಣಿಸಿ 12ರಿಂದ ಭಾಗಿಸಿದರೆ ಶುದ್ಧ ಬೆಳ್ಳಿ ಎಷ್ಟು ಅಂತ ಸಿಗುತ್ತೆ. 1862ರದಕ್ಕೆ 10.28 ಗ್ರಾಂ, 1918ರದಕ್ಕೆ 10.64 ಗ್ರಾಂ. 1944ರದಕ್ಕೆ ಈ ಲೆಕ್ಕ ಹಾಕಬಾರದು, ಅರ್ಧ ಮಾಡಿದರೆ ಸಾಕು, 5.80 ಗ್ರಾಂ. ಬೆಳ್ಳಿಯ ದರ ದಿನಾ ಬದಲಾಗುತ್ತೆ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಆಗ 1862ರದು 1,028 ರೂಪಾಯಿ, 1918ರದು 1,064 ರೂಪಾಯಿ, 1944ರದು 580 ರೂಪಾಯಿ. ಕರಗಿಸುವ ಕೂಲಿ ಅಂತ ಅಂಗಡಿಯವರು ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಆದರೂ ಇದು ಕೆಳಗಿನ ಬೆಲೆ. ಇದಕ್ಕಿಂತ ತೀರಾ ಕಮ್ಮಿ ಯಾರಾದರೂ ಹೇಳಿದರೆ ಕೊಡಬೇಡಿ.

1862ರದರಲ್ಲಿ 0.45 ಗ್ರಾಂ ತೂಕ ಎಲ್ಲಿ ಹೋಯಿತು ಅಂತ ನನಗೆ ಬಹಳ ಯೋಚನೆಯಾಯಿತು. ಸಂತೆಯಲ್ಲಿ, ಜೇಬಿನಲ್ಲಿ, ಸೊಂಟದ ಚೀಲದಲ್ಲಿ, ಸಾವಿರಾರು ಜನರ ಬೆರಳಿನಲ್ಲಿ ಸವೆದು ಹೋಗಿದೆ, ಅಷ್ಟೇ.

ಅದು ಬೆಳ್ಳಿಯೇ ಹೌದೋ ಅಲ್ಲವೋ ಅಂತ ನೋಡುವುದಕ್ಕೆ ಕೆಲವರು ಕಲ್ಲಿನ ಮೇಲೆ ಎತ್ತಿ ಹಾಕುತ್ತಾರೆ. ಬೆಳ್ಳಿ ಠಣ್ ಅಂತ ಎಳೆದು ಸದ್ದು ಮಾಡುತ್ತೆ, ಹಿತ್ತಾಳೆ ಬಗೆಯದು ಟಕ್ ಅನ್ನುತ್ತೆ. ಆದರೆ ಹಾಗೆ ಎತ್ತಿ ಹಾಕಿದರೆ ಅಂಚು ನೆಗ್ಗುತ್ತೆ. ನಾಣ್ಯವನ್ನು ಬೆರಳ ತುದಿಯ ಮೇಲೆ ಕೂರಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿದರೂ ಅದೇ ಸದ್ದು ಕೇಳುತ್ತೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಆರ್ಕಿಮಿಡೀಸನದು. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಏನು ತೋರಿಸುತ್ತೋ ಅದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. 11.61 ಗ್ರಾಂ ಇದ್ದ 1918ರ ಜಾರ್ಜ್ 1.12 ಗ್ರಾಂ ತೋರಿಸಿತು. ಭಾಗಿಸಿದರೆ 10.3ಕ್ಕಿಂತ ಸ್ವಲ್ಪ ಹೆಚ್ಚು. ಇದೇ ಅದರ ಸಾಂದ್ರತೆ. 1944ರದು 1.22 ತೋರಿಸಿತು, ಅಂದರೆ 9.5. ಶುದ್ಧ ಬೆಳ್ಳಿಯ ಸಾಂದ್ರತೆ 10.5, ನಿಕ್ಕಲ್ ಮತ್ತು ತಾಮ್ರದ್ದು 8.9. ಬೆಳ್ಳಿ ನೀರು ಕೊಟ್ಟ ಖೋಟಾ ನಾಣ್ಯ 9ಕ್ಕಿಂತ ಕೆಳಗೆ ಬಂದು ಸಿಕ್ಕಿಬೀಳುತ್ತೆ. ಇಷ್ಟು ದಿನ ನಾವು ಸಾಂದ್ರತೆಯ ಸೂತ್ರವನ್ನು ಬಾಯಿಪಾಠ ಮಾಡಿದ್ದೆವು, ಅದು ಇಂಥ ಕಡೆ ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ. ಆಚಾರ್ರೇ "ಇದನ್ನ ಇನ್ನೊಂದ್ ಸಲ ಮಾಡು ನೋಡಾನ" ಅಂದರು.

ಇನ್ನು ಸವೆತದ ವಿಚಾರ. ಬೆಳ್ಳಿ ಬೆಲೆಗಿಂತ ಮೇಲೆ ಹಣ ಬರುವುದು ನಾಣ್ಯ ಸಂಗ್ರಹ ಮಾಡುವವರಿಂದ. ಅವರು ತೂಕಕ್ಕಿಂತ ಮುಖ ನೋಡುತ್ತಾರೆ. ನಾಣ್ಯದಲ್ಲಿ ಎಲ್ಲಿ ಉಬ್ಬು ಹೆಚ್ಚೋ ಅಲ್ಲೇ ಮೊದಲು ಸವೆಯುತ್ತೆ. ವಿಕ್ಟೋರಿಯಾ ರಾಣಿಯಾದರೆ ಕಿರೀಟದ ಹರಳು, ಕಿವಿ ಹತ್ತಿರದ ಕೂದಲು ಮತ್ತು ಎದೆಯ ಮೇಲಿನ ಉಡುಪಿನ ಹೂವಿನ ಕಸೂತಿ ನೋಡಬೇಕು. ಏಳನೇ ಎಡ್ವರ್ಡ್ ತಲೆಯ ಮೇಲೆ ಕಿರೀಟ ಇಲ್ಲ, ಹಾಗಾಗಿ ಕಿವಿ ಮತ್ತು ಅದರ ಮೇಲಿನ ಕೂದಲಿನ ಎಳೆ ನೋಡಬೇಕು. ಐದನೇ ಜಾರ್ಜ್ ಕಿರೀಟ ಹಾಕಿ ನಿಲುವಂಗಿ ತೊಟ್ಟಿದ್ದಾನೆ. ಅದರ ಮೇಲೆ ಒಂದು ಸರ, ಆ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಆನೆಯ ಸೊಂಡಿಲು, ಕಾಲು ಬಿಡಿಬಿಡಿಯಾಗಿ ಕಂಡರೆ ನಾಣ್ಯ ಚೆನ್ನಾಗಿದೆ ಎಂದು ಅರ್ಥ. ಅಜ್ಜಿಯ ಎರಡು ಜಾರ್ಜ್‌ಗಳಲ್ಲಿ ಒಂದರ ಆನೆ ಸ್ಪಷ್ಟವಾಗಿದೆ, ಇನ್ನೊಂದರದು ಹುಣಸೆ ಬೀಜದ ಹಾಗೆ ಆಗಿದೆ. ತೂಕದಲ್ಲಿ ಮಾತ್ರ ಅವೆರಡಕ್ಕೂ 0.03 ಗ್ರಾಂ ಅಷ್ಟೇ ವ್ಯತ್ಯಾಸ.

ಸಂಗ್ರಹಕಾರರು ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಹೆಸರು ಇಟ್ಟಿದ್ದಾರೆ. ಅವು ತಮಾಷೆಯಾಗಿವೆ. 'ಗುಡ್' ಅಂದರೆ ಒಳ್ಳೆಯದು ಅಂತ ನಾವು ಓದಿದ್ದೇವಲ್ಲ, ಇಲ್ಲಿ ಗುಡ್ ಅಂದರೆ ತಲೆಯ ಆಕಾರ ಮಾತ್ರ ಉಳಿದು ಮಿಕ್ಕದ್ದೆಲ್ಲ ಸವೆದದ್ದು! 'ಫೈನ್' ಅಂದರೂ ಸಾಕಷ್ಟು ಸವೆದು ಮುಖ್ಯ ಗೆರೆಗಳು ಉಳಿದದ್ದು. 'ವೆರಿ ಫೈನ್' ಅಂದರೆ ಉಬ್ಬಿದ ಜಾಗ ಮಾತ್ರ ಚಪ್ಪಟೆ. 'ಎಕ್ಸ್‌ಟ್ರೀಮ್ಲಿ ಫೈನ್' ಅಂದರೆ ಹುಡುಕಿದರೆ ಸಿಗುವಷ್ಟು ಸವೆತ. 'ಅನ್‌ಸರ್ಕ್ಯುಲೇಟೆಡ್' ಅಂದರೆ ಟಂಕಸಾಲೆಯಿಂದ ಬಂದು ಯಾರ ಕೈಯಲ್ಲೂ ಓಡಾಡದೆ ಉಳಿದದ್ದು. ಅದನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಹೊಳಪು ಚಕ್ರದ ಹಾಗೆ ಸುತ್ತುತ್ತಂತೆ. ನಾನು ಅಂಥದ್ದನ್ನು ಕಂಡಿಲ್ಲ. ನಮ್ಮೂರಿನ ರೂಪಾಯಿಗಳೆಲ್ಲ ಗುಡ್, ಫೈನ್ ಎರಡರ ನಡುವೆಯೇ ಇವೆ ಅಂತ ನನ್ನ ಅಭಿಪ್ರಾಯ.

ಇಲ್ಲಿ ಅಜ್ಜಿಗೂ ನನಗೂ ಜಗಳ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಜ್ಜಿ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದಿಂದ. ಅದು ತೆಳ್ಳಗಿನ ಪದರ, ನಾಣ್ಯಕ್ಕೆ ಹಾಳು ಮಾಡುವುದಿಲ್ಲ. ಬೂದಿ ಹಾಕಿ ತಿಕ್ಕಿದಾಗ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತೆ, ರಾಣಿಯ ಕೆನ್ನೆ ತುಂಬ ಕೂದಲಿನಂಥ ಗೀರು ಬೀಳುತ್ತೆ. ಸಂಗ್ರಹಕಾರರು ಭೂತಗನ್ನಡಿಯಲ್ಲಿ ಮೊದಲು ನೋಡುವುದೇ ಆ ಗೀರು. ಕಪ್ಪಗಿರುವ ನಾಣ್ಯಕ್ಕೆ ಕೊಡುವಷ್ಟು ಬೆಲೆಯನ್ನು ತಿಕ್ಕಿದ್ದಕ್ಕೆ ಕೊಡುವುದಿಲ್ಲ. ನಾನು ಇದನ್ನು ಹೇಳಿದರೆ ಅಜ್ಜಿ, "ಲಕ್ಷ್ಮೀನ ಕಪ್ಪಗೆ ಕೂರ್ಸಾಕ್ ಆಯ್ತದೇನ್ಲಾ ಮಗ?" ಅಂದರು. ಅವರು ಹೇಳುವುದೂ ನಿಜ. ಕೊನೆಗೆ ಆ ಹುಣಸೆ ಬೀಜದ ಆನೆಯ ಜಾರ್ಜ್ ಮತ್ತು 1944ರದನ್ನು ಪೂಜೆಗೆ ಬಿಟ್ಟು, ಉಳಿದ ನಾಲ್ಕನ್ನು ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ ಇಡುವುದು ಅಂತ ಒಪ್ಪಂದವಾಗಿದೆ. ಕೊಂಡಿ ಬೆಸೆದ ನಾಣ್ಯಗಳ ಬಗ್ಗೆ ಚಿಂತೆ ಬೇಡ. ಅವಕ್ಕೆ ಹೇಗೂ ಬೆಳ್ಳಿ ಬೆಲೆಯೇ, ಬೆಸುಗೆಯ ತೂಕ ಕಳೆದು ಲೆಕ್ಕ ಹಾಕಬೇಕು.

ಅಪರೂಪ ಅನ್ನುವುದು ಬೇರೆ ವಿಷಯ. ಹಳೆಯದೆಲ್ಲ ಅಪರೂಪ ಅಲ್ಲ. 1862 ಅಂತ ಇರುವ ರೂಪಾಯಿಯನ್ನು ಆ ಒಂದೇ ವರ್ಷ ಅಲ್ಲ, ಅದೇ ಇಸವಿ ಹಾಕಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೊಡೆದರು. ಅದಕ್ಕೇ ಅದು ಎಲ್ಲರ ಮನೆಯಲ್ಲೂ ಸಿಗುತ್ತೆ. 1918, 1919, 1920ರ ಜಾರ್ಜ್‌ಗಳೂ ಹಾಗೆಯೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಬೆಳ್ಳಿ ರೂಪಾಯಿ ಸಾಲದೆ, 1918ರಲ್ಲಿ ಅಮೆರಿಕದವರು ಪಿಟ್‌ಮನ್ ಕಾಯ್ದೆ ಮಾಡಿ ತಮ್ಮ ಬೆಳ್ಳಿ ಡಾಲರ್‌ಗಳನ್ನೇ ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಬ್ರಿಟಿಷರಿಗೆ ಮಾರಿದರು. ಅದು ಭಾರತಕ್ಕೆ ಬಂದು ರೂಪಾಯಿಯಾಯಿತು. ಅಜ್ಜಿಯ ಜಾರ್ಜ್ ಒಂದು ಕಾಲದಲ್ಲಿ ಅಮೆರಿಕದ ಡಾಲರ್ ಆಗಿದ್ದರೂ ಇರಬಹುದು!

ನಿಜವಾಗಿ ಅಪರೂಪದ್ದು 1939ರ ಆರನೇ ಜಾರ್ಜ್ ರೂಪಾಯಿ. ಅಪರೂಪ ಆದ್ದರಿಂದಲೇ ಅದರ ಖೋಟಾಗಳೂ ಇವೆ, ಬೇರೆ ಇಸವಿಯ ಅಂಕಿಯನ್ನು ಕೆತ್ತಿ 9 ಮಾಡಿರುತ್ತಾರೆ. ಇಸವಿ ಮತ್ತು ಹೆಸರು ಹೊಂದುತ್ತವೆಯೇ ಅಂತಲೂ ನೋಡಬೇಕು. 1877ಕ್ಕಿಂತ ಮೊದಲು ವಿಕ್ಟೋರಿಯಾ 'ಕ್ವೀನ್', ಆ ವರ್ಷದಿಂದ 'ಎಂಪ್ರೆಸ್'. 1862 ಅಂತ ಇದ್ದು ಎಂಪ್ರೆಸ್ ಅಂತ ಬರೆದಿದ್ದರೆ ಅದು ನಮ್ಮಂಥವರಿಗಾಗಿ ಮಾಡಿದ ಸುಳ್ಳು ನಾಣ್ಯ. ರಾಮ, ಹನುಮಂತರ ಚಿತ್ರ ಹಾಕಿ 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಬರೆದ ನಾಣ್ಯಗಳನ್ನು ಕಂಪನಿ ಹೊಡೆಸಿಯೇ ಇಲ್ಲ. ಅದು ಅಕ್ಕಿ ಕಾಳನ್ನು ಎಳೆಯುತ್ತೆ, ಕೋಟಿ ಬೆಲೆ ಬರುತ್ತೆ ಅಂತ ನಂಬಿಸಿ ಮೊದಲು ಮುಂಗಡ ಕೇಳುವವರು ಇದ್ದಾರೆ. ಕೇಳಿದ ಕೂಡಲೇ ಎದ್ದು ಬನ್ನಿ.

ಇನ್ನೊಂದು ಹೇಳುವುದು ಬಿಟ್ಟಿದ್ದೆ. ಐದನೇ ಜಾರ್ಜ್‌ನ ಮೊದಲ ರೂಪಾಯಿ 1911ರದು. ಅದರಲ್ಲಿ ನಿಲುವಂಗಿಯ ಸರದ ಆನೆಗೆ ಸೊಂಡಿಲು ಗಿಡ್ಡವಾಗಿ ಕೆತ್ತಿದ್ದರು. ಜನರಿಗೆ ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಗೆ ಬೇಸರವಾಗಿ ಗಲಾಟೆಯಾಯಿತು. ಸರ್ಕಾರ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು ಬಹುಪಾಲು ಕರಗಿಸಿ, 1912ರಲ್ಲಿ ಆನೆಯನ್ನು ಸರಿಯಾಗಿ ಕೆತ್ತಿಸಿತು. ಸಂಗ್ರಹಕಾರರು ಅದನ್ನು 'ಹಂದಿ ರೂಪಾಯಿ' ಅನ್ನುತ್ತಾರೆ. ನಿಮ್ಮ ಮನೆಯ ಜಾರ್ಜ್‌ಗಳ ಇಸವಿ ನೋಡಿ ಬನ್ನಿ. 1911 ಅಂತ ಇದ್ದರೆ ತಿಕ್ಕದೆ, ಬಟ್ಟೆಯಲ್ಲಿ ಸುತ್ತಿ, ದೊಡ್ಡವರನ್ನು ಕೇಳಿಕೊಂಡು ಶಾಲೆಗೆ ತನ್ನಿ. ವಿಜ್ಞಾನದ ಮೇಷ್ಟ್ರು ಭೂತಗನ್ನಡಿ ಕೊಡುತ್ತೇನೆ ಅಂದಿದ್ದಾರೆ, ಆ ಆನೆಯನ್ನು ಎಲ್ಲರೂ ನೋಡೋಣ.