ಹಲ್ಲಿನ ಅಚ್ಚು ಮತ್ತು ಬೆಳಕು

ಬಿದ್ದುಹೋದ ಹಲ್ಲಿಗೆ ಬದಲಾಗಿ ಕೃತಕ ದಂತವನ್ನು ಕಟ್ಟುವ ಮುನ್ನ ಬಾಯಿಯ ಅಚ್ಚು ತೆಗೆಯಬೇಕಷ್ಟೆ. ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಟ್ರೇಯಲ್ಲಿ ತುಂಬಿ ದವಡೆಗೆ ಒತ್ತುವುದು ಬಹುಕಾಲದ ಪದ್ಧತಿ. ಈ ಅಚ್ಚು ಆರಿದರೆ ಕುಗ್ಗುತ್ತದೆ. ತಡಮಾಡದೆ ಜಿಪ್ಸಂ ಎರೆಯಬೇಕು.

ಬೆಳಕಿನಿಂದಲೇ ಅಚ್ಚು ತೆಗೆಯಬಹುದೆಂಬ ವಿಚಾರವನ್ನು 1973ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ದ್ಯುರೆ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ವೆರ್ನರ್ ಮೋರ್ಮನ್ ಅದನ್ನು ರೋಗಿಯ ಮೇಲೆ ಸಾಧಿಸಿ ತೋರಿದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯ ಆರಂಭವಾದುದೂ ಅದೇ ವರ್ಷ. ಇಂದು ಬಾಯೊಳಗೆ ಆಡಿಸಿದ ಸ್ಕ್ಯಾನರ್ ಸೆರೆಹಿಡಿದ ಚಿತ್ರಗಳನ್ನು ಗಣಕಯಂತ್ರವು ಜೋಡಿಸಿ ಹಲ್ಲಿನ ಸಾಲನ್ನು ಮೂಡಿಸುತ್ತದೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರೋಗಿಯ ಇಂಥ ಅಚ್ಚು ದೂರದ ಪ್ರಯೋಗಾಲಯವನ್ನು ಕ್ಷಣಮಾತ್ರದಲ್ಲಿ ಸೇರಬಲ್ಲದು. ತಂಬಾಕಿನ ಪೇಟೆಯಾದ ನಿಪ್ಪಾಣಿಯ ಸೀಮೆಯಲ್ಲಿ ಮತ್ತೊಂದು ಮಾತನ್ನು ಹೇಳಲೇಬೇಕು. ಅಡಿಕೆ, ಗುಟ್ಖಾ ಜಗಿದು ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯದಾದವರಿಗೆ ಟ್ರೇ ಹಿಡಿಸದು; ಸ್ಕ್ಯಾನರಿನ ಸಣ್ಣ ತುದಿ ಕೆಲವೊಮ್ಮೆ ಹಿಡಿಸೀತು, ಅದೂ ಕಟ್ಟಕಡೆಯ ದವಡೆಹಲ್ಲಿನವರೆಗೆ ಹೋಗುವುದು ಕಷ್ಟ.

ಆಸ್ಪತ್ರೆಗೆ ಈ ಯಂತ್ರವನ್ನು ಕೊಡಿಸಲೆಣಿಸುವ ದಾನಿಗಳು ಇಷ್ಟನ್ನು ಅರಿತಿರಬೇಕು: ರಕ್ತ, ಜೊಲ್ಲು ಮುಚ್ಚಿದ ಅಂಚು ಅದಕ್ಕೆ ಕಾಣದು. ಹಲ್ಲೇ ಇಲ್ಲದ ವೃದ್ಧರ ಅಲುಗುವ ಒಸಡಿಗೆ ವೈದ್ಯರು ಇಂದಿಗೂ ಬಹುಮಟ್ಟಿಗೆ ಹಳೆಯ ಟ್ರೇಯನ್ನೇ ನೆಚ್ಚುತ್ತಾರೆ.